ಗುಹೆಗೋ ಹಡಗಿಗೋ, ಆಂಜನೇಯನ ಹೂವು

ನೋಡ್ರಪ್ಪಾ, ಇವತ್ತು ಮಧುಗಿರಿಯಲ್ಲಿ ನಮ್ಮ ಮನೆಯೇ ಮುಳುಗುವುದರಲ್ಲಿತ್ತು. ಮುಂದಿನ ತಿಂಗಳು ನಾನು, ಹೆಂಡತಿ ಮಾಲ್ಡೀವ್ಸ್‌ಗೆ ಹೊರಟಿದ್ದೇವೆ. ಇಬ್ಬರೂ ಬೆನ್ನಿಗೆ ಸಿಲಿಂಡರ್ ಕಟ್ಟಿ ನೀರಿಗಿಳಿಯುವ ಸ್ಕೂಬಾ ಕಲಿತವರು. ಆದರೆ ಡೈವಿಂಗ್‌ಗೆ ಸಿಗುವುದು ಒಂದೇ ದಿನ. ಸಮುದ್ರದೊಳಗಿನ ಗುಹೆಗೋ, ಮುಳುಗಿದ ಹಡಗಿಗೋ, ಇವತ್ತು ಸಂಜೆಯೊಳಗೆ ರೆಸಾರ್ಟಿಗೆ ತಿಳಿಸಬೇಕು. ನಾನು ಗುಹೆ ಎಂದೆ, ಅವಳು ಹಡಗು ಎಂದಳು.

“ಗುಹೆ ನೋಡಕ್ಕೆ ಅಷ್ಟು ದೂರ ಯಾಕ್ರೀ? ಇಲ್ಲೇ ಸಿದ್ದರಬೆಟ್ಟದಾಗೆ ಐತಲ್ಲ!” ಎಂದಳು ಹೆಂಡತಿ.

“ತುಕ್ಕು ಹಿಡಿದ ಹಡಗು ನೋಡಕ್ಕೆ ಸಿರಾದಾಗೆ ಗುಜರಿ ಅಂಗಡಿ ಐತಲ್ಲ!” ಎಂದೆ ನಾನು.

ಅಲ್ಲಿಗೆ ಮಾತು ನಿಂತು ತಟ್ಟೆಗಳ ಸದ್ದು ಶುರುವಾಯಿತು. ಅಮ್ಮ ಇಬ್ಬರನ್ನೂ ಆಂಜನೇಯನ ಗುಡಿಗೆ ಎಳೆದುಕೊಂಡು ಹೋದಳು. “ಜಗಳ ಯಾಕ್ಲಾ? ಹೂವಿನ ಅಪ್ಪಣೆ ಕೇಳ್ಬುಡಾನ.” ದೇವರ ಬಲಗಡೆ ಹೂ ಬಿದ್ದರೆ ಗುಹೆ, ಎಡಗಡೆ ಬಿದ್ದರೆ ಹಡಗು ಎಂದು ಒಪ್ಪಿಕೊಂಡೆವು.

ಪೂಜಾರಪ್ಪ ಮಂಗಳಾರತಿ ಎತ್ತಿದರು. ಹೂವು ಅಲುಗಲಿಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಬಲಭುಜದಿಂದ ಒಂದು ಸೇವಂತಿಗೆ ಜಾರಿತು. “ಗುಹೆ!” ಎಂದು ಕೂಗಿಯೇಬಿಟ್ಟೆ.

ಅಮ್ಮ ಕಣ್ಣೊರೆಸಿಕೊಂಡು ದೇವರಿಗೆ ಕೈಮುಗಿದಳು. “ಗುಹೆನೂ ಇಲ್ಲ, ಹಡಗೂ ಇಲ್ಲ ಕಣ್ಲಾ. ಇವರು ನೀರಿಗೆ ಇಳಿಯದು ಬ್ಯಾಡ ಅನ್ನಂಗಿದ್ರೆ ಬಲಗಡೆ ಹೂ ಕೊಡಪ್ಪಾ ಅಂತ ನಾನು ಮನಸ್ನಾಗೆ ಕೇಳ್ಕಂಡಿದ್ದೆ.”

ಈಗ ಸಂಜೆಯಾಗಿದೆ. ರೆಸಾರ್ಟಿನವರ ಫೋನ್ ಬಡಿದುಕೊಳ್ಳುತ್ತಿದೆ, ಯಾರೂ ಎತ್ತುತ್ತಿಲ್ಲ. ಇನ್ನೂ ಯಾರೂ ನೀರಿಗೇ ಇಳಿದಿಲ್ಲ, ಆಗಲೇ ಮೂವರೂ ಉಸಿರು ಬಿಗಿಹಿಡಿದು ಕೂತಿದ್ದೇವೆ.