ನಾಳೆ ಮಗು ಯಾರ ಹತ್ತಿರ

ಆ ಚಳಿಗಾಲದ ನನ್ನ ಡೈರಿಯಲ್ಲಿ ಪ್ರತಿ ಪುಟದ ಕೊನೆಗೆ ಒಂದೇ ಸಾಲು ಇದೆ: ನಾಳೆ ಮಗು ಯಾರ ಹತ್ತಿರ? ಅದರ ಮುಂದೆ ಯಾರದಾದರೂ ಹೆಸರು. ಕೆಲವು ದಿನ ಆ ಹೆಸರನ್ನು ಹೊಡೆದುಹಾಕಿ ಪಕ್ಕದಲ್ಲಿ ಇನ್ನೊಂದನ್ನು ಬರೆದಿದ್ದೇನೆ. ಗೊಬ್ಬರದ ಕಂಪನಿಯವರು ಹೊಸ ವರ್ಷಕ್ಕೆ ಹಂಚುವ ಡೈರಿ ಅದು. ಎಷ್ಟು ಮಳೆ ಬಿತ್ತು, ಎಷ್ಟು ಆಳು ಬಂದರು, ಮನೆಗೆ ಯಾವಾಗ ಗ್ಯಾಸು ಬಂತು ಎಂದು ದಿನವೂ ಬರೆದಿಡುವುದು ನನ್ನ ಅಭ್ಯಾಸ. ಸಕಲೇಶಪುರದ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಆಗ ನಾನು ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಸಂಜೆ ಕುಯ್ದ ಹಣ್ಣು ತೂಗಿಸುವುದು, ಎರಡನ್ನೂ ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ಹೆಂಡತಿ ಅದೇ ಭಾಗದ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್. ಕೆಲಸ ಸಿಕ್ಕಿ ಇನ್ನೂ ಕಾಯಂ ಆಗಿರಲಿಲ್ಲ. ಮಗಳಿಗೆ ಎರಡು ವರ್ಷ ತುಂಬಿ ಕೆಲವು ತಿಂಗಳಾಗಿತ್ತು.

ಹಿಂದಿನ ವರ್ಷದ ಕುಯ್ಲಿನಲ್ಲಿ ಮಗುವನ್ನು ಬೆಳಗೋಡಿನ ಹತ್ತಿರ ಹೆಂಡತಿಯ ತವರಿಗೆ ಕಳಿಸಿದ್ದೆವು. ಬೇರೆ ದಾರಿ ಇರಲಿಲ್ಲ. ನನ್ನ ತಾಯಿ ನಾನು ಶಾಲೆಯಲ್ಲಿದ್ದಾಗಲೇ ತೀರಿಕೊಂಡಿದ್ದರು. ಕುಯ್ಲು ಮುಗಿದು ಕರೆತರಲು ಹೋದಾಗ ಮಗು ಅತ್ತೆಯ ಸೆರಗು ಹಿಡಿದು ನಿಂತಿತ್ತು. ಆ ಮನೆಯಲ್ಲಿ ಎಲ್ಲರೂ ಅತ್ತೆಯನ್ನು ಅವ್ವ ಎನ್ನುತ್ತಾರೆ, ಮಗುವೂ ಅವ್ವ ಎನ್ನುತ್ತಿತ್ತು. ನನ್ನ ಹೆಂಡತಿಯನ್ನು ಅವಳ ತಂಗಿ ಅಕ್ಕ ಎನ್ನುವುದನ್ನು ಕೇಳಿ ತಾನೂ ಅಕ್ಕ ಎಂದಿತು. ಬಸ್ಸಿನಲ್ಲಿ ಬರುವಾಗಲೂ ಅಕ್ಕ, ಮನೆಗೆ ಬಂದ ಮೇಲೂ ಅಕ್ಕ. ಅದನ್ನು ಅಮ್ಮ ಎಂದು ತಿದ್ದಲು ಮಳೆಗಾಲ ಬರಬೇಕಾಯಿತು. ಏನೇ ಆಗಲಿ, ಇನ್ನೊಂದು ಕುಯ್ಲಿಗೆ ಮಗುವನ್ನು ಕಳಿಸುವುದಿಲ್ಲ ಎಂದು ಹೆಂಡತಿ ಅವತ್ತೇ ಹೇಳಿದ್ದಳು. ನಾನೂ ಒಪ್ಪಿದ್ದೆ.

ಒಪ್ಪಿದ ಮೇಲೆ ನನ್ನ ಸ್ವಭಾವಕ್ಕೆ ತಕ್ಕಂತೆ ಒಂದು ಏರ್ಪಾಟು ಮಾಡಿದೆ. ಮೊದಲನೆಯವಳು ದೊಡ್ಡವ್ವ. ಕೂಲಿಯವರ ಲೈನ್ ಮನೆಯಲ್ಲಿ ಒಬ್ಬಳೇ ಇದ್ದ ಹೆಂಗಸು. ಮಂಡಿನೋವಿದೆ ಎಂದು ಅವಳನ್ನು ಕಣಕ್ಕೆ ಹಾಕಿದ್ದರು. ಒಣಗಲು ಹರವಿದ ಕಾಫಿಯನ್ನು ಕೈಯಾಡಿಸುವುದು, ಕೋಳಿ ದನ ಬಂದರೆ ಓಡಿಸುವುದು ಅವಳ ಕೆಲಸ. ಕಣ ನಮ್ಮ ಕ್ವಾರ್ಟರ್ಸಿನ ಎದುರಿಗೇ ಇದ್ದುದರಿಂದ ಮಗು ಅವಳ ಕಣ್ಣ ಮುಂದೆಯೇ ಆಡಿಕೊಂಡಿರುತ್ತಿತ್ತು. ಅವಳಿಗೆ ಆಗದ ದಿನಕ್ಕೆ ಪಕ್ಕದ ಮನೆಯ ಡ್ರೈವರನ ಹೆಂಡತಿ. ಅವಳೂ ಇಲ್ಲದಿದ್ದರೆ ಅತ್ತೆ ಬಸ್ಸು ಹತ್ತಿ ಬರುವುದು. ಮೂವರಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ ಎಂದು ಧೈರ್ಯದಿಂದಿದ್ದೆ.

ಡಿಸೆಂಬರಿನಲ್ಲಿ ಡ್ರೈವರನ ಹೆಂಡತಿ ಹೆರಿಗೆಗೆ ತವರಿಗೆ ಹೋದಳು. ಅದು ಮೊದಲೇ ಗೊತ್ತಿದ್ದ ವಿಷಯ, ಹೋಗುವ ದಿನ ಮಾತ್ರ ಬೇಗ ಬಂತು. ಜನವರಿ ಹೊತ್ತಿಗೆ ಹೊರಗಿನಿಂದ ಬರಬೇಕಿದ್ದ ಆಳುಗಳ ಗ್ಯಾಂಗು ಬೇರೆ ಎಸ್ಟೇಟಿಗೆ ಹೋಗಿಬಿಟ್ಟಿತು. ಗಿಡದಲ್ಲಿ ಹಣ್ಣು ಕಪ್ಪಾಗಿ ಉದುರತೊಡಗಿತು. ಒಂದು ಶನಿವಾರ ಸಂಜೆ ತೂಕ ಮುಗಿದ ಮೇಲೆ ಮ್ಯಾನೇಜರ್ ನನ್ನನ್ನು ಆಫೀಸಿಗೆ ಕರೆದರು.

"ರೈಟ್ರೇ, ನಾಳೆ ಭಾನುವಾರನೂ ಕುಯ್ಲು. ಲೈನಲ್ಲಿ ಒಲೆ ಉರ್ಸೋರೆಲ್ಲ ಬರ್ಬೇಕು. ಕುಯ್ಲು ಮುಗಿಯೋಗಂಟ ಹಂಗೇನೆ. ಕಣದೋಳೂ ಸೇರಿ."

"ಸರ್, ಕಣದಲ್ಲಿ ಒಬ್ರಾದ್ರೂ ಇರ್ಬೇಕಲ್ವ?"

"ಪಲ್ಪರ್‌ ಮಿಷನ್ನಿನ ಹುಡುಗ್ರು ನೋಡ್ಕತಾರೆ. ನಿಮ್ ಕಣದ ಚಿಂತೆ ಏನು ಅಂತ ನಂಗೊತ್ತು ಬಿಡಿ." ಅವರು ನಕ್ಕರು. ಕೆಟ್ಟ ಮನುಷ್ಯರಲ್ಲ. "ನಂದೂ ಎರಡ್ ಮಕ್ಳನ್ನ ಹಾಸನದ ಹಾಸ್ಟೆಲ್ಲಿಗೆ ಹಾಕಿಲ್ವೇನ್ರೀ? ಎಸ್ಟೇಟ್ ಕೆಲ್ಸ ಅಂದ್ರೆ ಇಷ್ಟೇ ಮಾರಾಯ್ರೇ."

ಲೈನಿಗೆ ಹೋಗಿ ಎಲ್ಲರನ್ನೂ ಕರೆಯುವುದು ರೈಟರನ ಕೆಲಸ. ಒಂದೊಂದೇ ಬಾಗಿಲಲ್ಲಿ ನಿಂತು, ನಾಳೆ ಕುಯ್ಲಿದೆ, ತಪ್ಪಿಸಬೇಡಿ ಎಂದು ಹೇಳುತ್ತ ಹೋದೆ. ದೊಡ್ಡವ್ವನ ಮನೆ ಲೈನಿನ ಕೊನೆಯಲ್ಲಿತ್ತು. ಅಲ್ಲಿಗೆ ಬರುವಷ್ಟರಲ್ಲಿ ಮಾತು ಅವಳ ಕಿವಿಗೆ ಬಿದ್ದಿತ್ತು. ಅವಳು ಬಾಗಿಲಲ್ಲೇ ನಿಂತಿದ್ದಳು.

"ಏನ್ ರೈಟ್ರೇ, ನನ್ನೂ ಕರಿಯಾಕ್ ಬಂದ್ರಾ? ನಾಳೆ ಕೂಸ್ನ ನಿಮ್ ಹಾಜ್ರಿ ಪುಸ್ತಕ ನೋಡ್ಕತೈತಾ?"

"ನಂದೇನಿಲ್ಲ ದೊಡ್ಡವ್ವ. ಮ್ಯಾನೇಜರ್ ಹೇಳಿದ್ದು."

"ಬರಾಕಿಲ್ಲ ಅಂದ್ರೆ?"

ಕುಯ್ಲಿಗೆ ಬಾರದವರಿಗೆ ಲೈನ್ ಮನೆ ಇಲ್ಲ ಎನ್ನುವುದು ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು.

"ಸರಿ ಬುಡಿ, ಬತ್ತೀನಿ," ಎಂದಳು. "ಎರಡು ಹಳೇ ಸೀರೆ ತಕ್ಕಂಡ್ ಬನ್ನಿ. ನಂದು ಹರ್ದೋಗೈತೆ."

ಯಾಕೆಂದು ನಾನು ಕೇಳಲಿಲ್ಲ, ಅತ್ತೆ ಬಂದೇ ಬರುತ್ತಾರೆ ಎಂದುಕೊಂಡಿದ್ದೆ. ಆಫೀಸಿಗೆ ವಾಪಸು ಬಂದು ಅವರ ಊರಿನ ಅಂಗಡಿಗೆ ಫೋನು ಮಾಡಿದೆ. ಅಂಗಡಿಯವರು ಕರೆಸುವವರೆಗೂ ಫೋನು ಹಿಡಿದು ನಿಂತೆ, ಮ್ಯಾನೇಜರ್ ಎದುರಿಗೆ ಕೂತು ಪೇಪರ್ ಓದುತ್ತಿದ್ದರು.

"ನಾನ್ ಹೆಂಗ್ ಬರ್ಲಿ?" ಎಂದರು ಅತ್ತೆ. "ಕಣದಲ್ಲಿ ಒಕ್ಕಣೆ ನಡೀತೈತೆ, ಹಸು ಇವತ್ತೋ ನಾಳೆಯೋ ಈಯಂಗೈತೆ. ಮಗೀನ ತಂದ್ಬುಟ್ಟು ಹೋಗಿ. ಹೋದ್ ಸಲ ಸಾಕ್ಲಿಲ್ವ? ಕಳ್ಸಾಕೆ ಅವಳಿಗೇನಂತೆ?"

ಅವಳಿಗೇನು ಎನ್ನುವುದನ್ನು ಮ್ಯಾನೇಜರ್ ಎದುರು ಹೇಳಲಾಗಲಿಲ್ಲ. ನೋಡ್ತೀನಿ ಎಂದು ಫೋನಿಟ್ಟೆ.

ಮನೆಯಲ್ಲಿ ಹೆಂಡತಿ ಮರುದಿನಕ್ಕೆ ತಯಾರಾಗುತ್ತಿದ್ದಳು. ಅದು ಪಲ್ಸ್ ಪೋಲಿಯೋ ಭಾನುವಾರ. ಐದು ವರ್ಷದೊಳಗಿನ ಮಕ್ಕಳಿಗೆಲ್ಲ ಹನಿ ಹಾಕಬೇಕು. ಅವಳಿಗೆ ಬಸ್ ನಿಲ್ದಾಣದ ಹತ್ತಿರದ ಬೂತು. ಆ ವಾರ ಇಲಾಖೆಯಲ್ಲಿ ಯಾರಿಗೂ ರಜೆ ಇಲ್ಲ. ಹಿಂದಿನ ಸಲ ಮಗುವನ್ನು ಬೂತಿಗೆ ಕರೆದುಕೊಂಡು ಹೋಗಿದ್ದಳು. ಬೇರೆ ಮಕ್ಕಳು ಅತ್ತಾಗಲೆಲ್ಲ ತಾನೂ ಅತ್ತು, ಕೊನೆಗೆ ಮಗು ರಸ್ತೆಗೆ ಇಳಿದು ಬಸ್ಸಿನವನು ಬ್ರೇಕು ಹಾಕಿದ್ದ. ಮತ್ತೆ ಕರೆತಂದರೆ ನೋಟೀಸು ಕೊಟ್ಟು ವಿವರಣೆ ಕೇಳುತ್ತೇನೆ ಎಂದು ಡಾಕ್ಟರು ಹೇಳಿದ್ದರು.

ನಡೆದದ್ದನ್ನೆಲ್ಲ ಹೇಳಿದೆ. ಅವಳು ಬ್ಯಾಗಿಗೆ ಮನೆ ಬಾಗಿಲಿಗೆ ಗುರುತು ಹಾಕುವ ಸೀಮೆಸುಣ್ಣ ಹಾಕಿಕೊಳ್ಳುತ್ತ ಕೇಳಿದಳು.

"ಅಂದ್ರೆ ದೊಡ್ಡವ್ವನ್ನ ಕರ್ದೋರು ನೀವೇ?"

"ನಾನೇ."

"ಚೆನ್ನಾಗೈತೆ ಕಣ್ರೀ," ಎಂದಳು. ಆಮೇಲೆ ಪೆಟ್ಟಿಗೆಯಿಂದ ಎರಡು ಹಳೆಯ ಸೀರೆ ತೆಗೆದು ಕೊಟ್ಟಳು. ಸೀರೆ ಯಾಕೆಂದು ಅವಳಿಗೆ ಹೇಳದೆಯೇ ಗೊತ್ತಾಗಿತ್ತು.

ಬೆಳಿಗ್ಗೆ ಒಂದು ಕೈಯಲ್ಲಿ ಹಾಜರಿ ಪುಸ್ತಕ, ಇನ್ನೊಂದು ಕೈಯಲ್ಲಿ ಮಗು. ಸ್ಟಾಫಿನವರ ಮಕ್ಕಳನ್ನು ತೋಟಕ್ಕೆ ತರುವ ರೂಢಿ ಇಲ್ಲ. ಆಳುಗಳ ಸಾಲಿನಲ್ಲಿ ಯಾರೋ ನನ್ನನ್ನು ನೋಡಿ ಕಿಸಕ್ಕೆಂದರು. ಹಳ್ಳದ ಕೆಳಗಿನ ಬ್ಲಾಕಿನಲ್ಲಿ ಹಲಸಿನ ಮರದ ತಗ್ಗಿನ ಕೊಂಬೆಗೆ ನಾನು ಸೀರೆ ಕಟ್ಟಲು ಹೊರಟೆ.

"ಅಯ್ಯೋ, ತಡೀರಿ. ಮೊದ್ಲು ಮೇಲ್ ನೋಡಿ," ಎಂದಳು ದೊಡ್ಡವ್ವ. ಕೊಂಬೆಯ ತುದಿಯಲ್ಲಿ ಎಲೆಗಳನ್ನು ಹೆಣೆದ ಚಗಳಿ ಗೂಡಿತ್ತು. ಕೆಂಪಿರುವೆಗಳು ಸಾಲಾಗಿ ಓಡಾಡುತ್ತಿದ್ದವು. "ಹಾಜ್ರಿ ಹಾಕದ್ ಬಿಟ್ರೆ ಏನೂ ಬರಾಕಿಲ್ಲ ನಿಮ್ಗೆ." ಅವಳೇ ಇನ್ನೊಂದು ಮರ ಹುಡುಕಿ ತೊಟ್ಟಿಲು ಕಟ್ಟಿದಳು.

ತೊಟ್ಟಿಲು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಅವಳು ಹಣ್ಣು ಕುಯ್ಯಬೇಕಿತ್ತು. ಗ್ಯಾಂಗು ಒಳ್ಳೆಯ ಹಣ್ಣಿರುವ ಸಾಲುಗಳ ಕಡೆ ಮುಂದೆ ಹೋಯಿತು. ಅವಳು ಹಿಂದೆ ಉಳಿದು, ಕುಯ್ದು ಬಿಟ್ಟ ಗಿಡಗಳಲ್ಲೇ ಕೈಯಾಡಿಸಿದಳು. ನಾನು ಇಳಿಜಾರು ಹತ್ತಿ ಇಳಿದು ಎಲ್ಲ ಸಾಲುಗಳನ್ನೂ ನೋಡಬೇಕಿತ್ತು. ಮಗು ಎದ್ದು ಅಳುವುದು ಮೇಲಿನಿಂದ ಕೇಳುತ್ತಿತ್ತು, ಇಳಿದು ಬರಲಾಗುತ್ತಿರಲಿಲ್ಲ. ನಡುವೆ ಮ್ಯಾನೇಜರ್ ಬೈಕಿನಲ್ಲಿ ಬಂದರು.

"ಇದ್ಯಾರ್ರೀ ಹೊಸ ಆಳು? ಹೆಸ್ರು ಬರ್ಕಂಡ್ರಾ?" ಎಂದು ಮಗುವಿನ ಕೆನ್ನೆ ಮುಟ್ಟಿದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಸ್ಟಾಫ್ ಮಕ್ಳು ಹಿಂಗ್ ತೋಟಕ್ ಬರೋದು ಸರಿ ಕಾಣಲ್ಲ. ಹಾವು ಗೀವು ಇರ್ತಾವೆ. ನಾಳೆ ಏನಾದ್ರೂ ಮಾಡ್ಕಳಿ."

ಸಂಜೆ ತೂಕಕ್ಕೆ ನಿಂತಾಗ ದೊಡ್ಡವ್ವನ ಚೀಲ ಎಲ್ಲರದಕ್ಕಿಂತ ಸಣ್ಣದಾಗಿತ್ತು. ಕುಯ್ದ ತೂಕಕ್ಕೆ ತಕ್ಕ ಕೂಲಿ. ಅವಳ ಹಿಂದೆ ನಿಂತಿದ್ದ ಹೆಂಗಸು ಹೇಳಿದಳು, "ರೈಟ್ರೇ, ಅವಳ್ ಲೆಕ್ಕಕ್ಕೆ ಕೂಸಿನ್ ತೂಕನೂ ಸೇರ್ಸಿ." ಎಲ್ಲರೂ ನಕ್ಕರು, ದೊಡ್ಡವ್ವನೂ ನಕ್ಕಳು. ಮ್ಯಾನೇಜರ್ ತಕ್ಕಡಿಯ ಪಕ್ಕದಲ್ಲೇ ಇದ್ದರು. ಮುಳ್ಳು ತೋರಿಸಿದ್ದನ್ನು ಬರೆದುಕೊಂಡೆ.

ಹೆಂಡತಿ ಕತ್ತಲಾಗುವ ಹೊತ್ತಿಗೆ ಬಂದಳು. ಬಂದವಳೇ ಮಗುವಿನ ಮೈಮೇಲೆ ತರಚಿದ್ದನ್ನೆಲ್ಲ ನೋಡಿದಳು. ಆಮೇಲೆ ಎಡಗೈ ಹಿಡಿದು ಕಿರುಬೆರಳನ್ನು ತಿರುಗಿಸಿದಳು. ಹನಿ ಹಾಕಿದ ಮಕ್ಕಳಿಗೆ ಆ ಬೆರಳಿಗೆ ಶಾಯಿ ಗುರುತು ಹಾಕುತ್ತಾರೆ. ನಮ್ಮ ಮಗುವಿನ ಬೆರಳು ಹಾಗೆಯೇ ಇತ್ತು. ನಾನು ಯಾವ ಬೂತಿಗಾದರೂ ಕರೆದೊಯ್ದಿರುತ್ತೇನೆ ಎಂದು ಅವಳು ಅಂದುಕೊಂಡಿದ್ದಳಂತೆ. ನಾನು, ಮನೆಯಲ್ಲೇ ನರ್ಸಿದ್ದಾಳಲ್ಲ ಎಂದುಕೊಂಡಿದ್ದೆ. ಉಳಿದ ಔಷಧಿಯ ಪೆಟ್ಟಿಗೆ ಆಗಲೇ ಆಸ್ಪತ್ರೆಗೆ ವಾಪಸು ಹೋಗಿತ್ತು.

"ನಾಳೆ ಮನೆ ಮನೆಗೆ ಹೋಗ್ಬೇಕು," ಎಂದಳು. "ನಮ್ಮನೆಗೂ ನಾನೇ ಬರ್ಬೇಕು. ಬಂದ್ರೆ ಬೀಗ ಹಾಕಿರತ್ತೆ."

ಊಟವಾದ ಮೇಲೆ ಅವಳು ಚೀಲ ತೆಗೆದು ಮಗುವಿನ ಬಟ್ಟೆ ಮಡಚಿ ತುಂಬತೊಡಗಿದಳು. "ಕಳ್ಸಿಬಿಡಣ ರೀ," ಎಂದಳು. "ಅಕ್ಕ ಅಂತ್ಲೇ ಕರೀಲಿ. ಕಾಡಲ್ಲಿ ಅಳೋದಕ್ಕಿಂತ ಮೇಲು." ಡೈರಿಯಲ್ಲಿ ನಾಳೆಯ ಮುಂದೆ ಬೆಳಗೋಡು ಎಂದು ಬರೆದೆ.

ಬರೆದ ಮೇಲೆ ಹೊಳೆಯಿತು, ಮಗುವನ್ನು ಕರೆದೊಯ್ದು ಬಿಡುವವರು ಯಾರು? ಹೋಗಿ ಬರಲು ಅರ್ಧ ದಿನ ಬೇಕು. ನಾಳೆ ನಾಡಿದ್ದು ಅವಳಿಗೆ ಮನೆ ಭೇಟಿ. ನನಗೆ ಹಾಜರಿ, ತೂಕ. ಅತ್ತೆಗೆ ಹಸು. ದೊಡ್ಡವ್ವನನ್ನು ಕಳಿಸೋಣವೆಂದರೆ ಅವಳೂ ಕುಯ್ಲಿನಲ್ಲಿ. ಮಗುವನ್ನು ಇಟ್ಟುಕೊಳ್ಳಲು ರಜೆಯಿಲ್ಲದ ನಮಗೆ ಕಳಿಸಲೂ ರಜೆಯಿರಲಿಲ್ಲ. ಮುಂದಿನ ಭಾನುವಾರ ಎಂದಳು ಹೆಂಡತಿ. ಚೀಲವನ್ನು ಬಾಗಿಲ ಹಿಂದೆ ಇಟ್ಟಳು. ಬೆಳಗೋಡು ಹೊಡೆದು ತೋಟ ಎಂದು ಬರೆದೆ.

ಮರುದಿನ ಲೈನಿನ ಬಾಗಿಲುಗಳಿಗೆಲ್ಲ ಬೀಗ. ಹೆಂಡತಿ ಹೆಗಲಿಗೆ ಔಷಧಿಯ ಮಂಜುಗಡ್ಡೆ ಪೆಟ್ಟಿಗೆ ಹಾಕಿಕೊಂಡು ಬ್ಲಾಕಿಗೇ ಇಳಿದು ಬಂದಳು. ಮರದ ಕೆಳಗಿದ್ದ ಆಳುಗಳ ಮಕ್ಕಳಿಗೆಲ್ಲ ಹನಿ ಹಾಕಿ ಕೊನೆಗೆ ನಮ್ಮದಕ್ಕೂ ಹಾಕಿದಳು. ಮಗು ಅವಳ ಕುತ್ತಿಗೆ ಹಿಡಿದು ಬಿಡಲಿಲ್ಲ. ಜೊತೆಗೆ ಬಂದಿದ್ದವರು ಇನ್ನೂ ಬೇರೆ ಊರಿಗೆ ಹೋಗಬೇಕು ಎಂದು ಅವಸರ ಮಾಡಿದರು. ದೊಡ್ಡವ್ವ ಒಂದೊಂದೇ ಬೆರಳು ಬಿಡಿಸಿ ಮಗುವನ್ನು ಇಸಿದುಕೊಂಡಳು. ಹೆಂಡತಿ ತಿರುಗಿ ನೋಡದೆ ದಿಬ್ಬ ಹತ್ತಿದಳು.

ಮುಂದಿನ ಭಾನುವಾರವೂ ಕುಯ್ಲಿತ್ತು. ಅದರ ಮುಂದಿನದೂ. ಹೆಂಡತಿಗೂ ಭಾನುವಾರ ಒಂದಲ್ಲ ಒಂದು ಡ್ಯೂಟಿ ಬೀಳುತ್ತಿತ್ತು. ಮ್ಯಾನೇಜರ್ ದಿನವೂ ನಾಳೆ ಏನಾದ್ರೂ ಮಾಡ್ಕಳಿ ಎನ್ನುತ್ತಿದ್ದರು, ನಾನು ಹೂಂ ಸರ್ ಎನ್ನುತ್ತಿದ್ದೆ. ಚೀಲವನ್ನು ಯಾರೂ ಬಿಚ್ಚಿ ಒಳಗಿಡಲಿಲ್ಲ. ಬೆಳಿಗ್ಗೆ ಅದರಿಂದಲೇ ಒಂದು ಅಂಗಿ ತೆಗೆದು ಹಾಕುತ್ತಿದ್ದೆವು, ಒಗೆದು ಒಣಗಿದ್ದನ್ನು ಮಡಚಿ ಅದಕ್ಕೇ ತುಂಬುತ್ತಿದ್ದೆವು. ನಾಳೆಯೇ ಬೆಳಗೋಡಿಗೆ ಹೊರಡಲಿರುವಂತೆ ಮಗು ಇಡೀ ಕುಯ್ಲು ನಮ್ಮ ಮನೆಯಲ್ಲೇ ಇತ್ತು.

ಕುಯ್ಲು ಮುಗಿಯುವ ಹೊತ್ತಿಗೆ ಒಂದು ಸಂಜೆ ಹೆಂಡತಿ ಬರುವಾಗ ನಾನೂ ಮಗುವೂ ಕಣದ ಅಂಚಿನಲ್ಲಿ ಕೂತಿದ್ದೆವು. ಮಗು ಅಮ್ಮ ಎಂದು ಕೂಗಿ ಓಡಿತು. ಆಮೇಲೆ ತಿರುಗಿ ನನ್ನನ್ನು ಕೈ ಬೀಸಿ ಕರೆಯಿತು, ಎರಡು ತಿಂಗಳು ತೋಟದಲ್ಲಿ ಎಲ್ಲರ ಬಾಯಲ್ಲಿ ಕೇಳಿದಂತೆಯೇ:

"ರೈಟ್ರೇ, ಬನ್ನಿ."

ಹೆಂಡತಿ ದಾರಿಯಲ್ಲೇ ಬ್ಯಾಗು ಇಳಿಸಿ ನಕ್ಕಳು. ನಗು ನಿಂತ ಮೇಲೆ, "ಇನ್ನು ಮಳೆಗಾಲದವರ್ಗೂ ನಿಮ್ ಸರದಿ ಕಣ್ರೀ," ಎಂದಳು.