ಇನ್ನೊಂದು ಗುಡ್ಡ

ನಾವು ಫ್ರಾನ್ಸ್ ದೇಶದ ಲಿಯೋನ್ ಎಂಬ ಊರಿಗೆ ಹೋಗಿಬಂದೆವು ಎಂದರೆ ಬನಹಟ್ಟಿಯಲ್ಲಿ ಈಗಲೂ ಕೆಲವರು ನಂಬುವುದಿಲ್ಲ. ನಂಬಿದವರು ಅಲ್ಲಿ ಏನೇನು ನೋಡಿದಿರಿ ಎಂದು ಕೇಳುತ್ತಾರೆ. ನದಿ, ಸೇತುವೆ, ದೊಡ್ಡ ಚರ್ಚು ಎಂದು ನಾನು ಹೇಳುತ್ತೇನೆ. ಅಕ್ಕ ನೋಡಬೇಕೆಂದುಕೊಂಡಿದ್ದ ಒಂದೇ ಒಂದನ್ನು ನಾವು ನೋಡಲಿಲ್ಲ. ಅದು ನನ್ನಿಂದಾಗಿ ತಪ್ಪಿತು ಎಂಬುದನ್ನು ಬಹಳ ದಿನ ಯಾರಿಗೂ ಹೇಳಿರಲಿಲ್ಲ.

ನಮ್ಮದು ಕೈಮಗ್ಗದ ಮನೆ. ನಾನು ನೇಯುತ್ತೇನೆ, ಅಕ್ಕ ಕೆಚ್ಚುತ್ತಾಳೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಹಾಸಿದ ಎಳೆಗಳು, ಮುಗಿಯುತ್ತ ಬಂದಾಗ ಹಳೆಯ ಹಾಸಿನ ಪ್ರತಿಯೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸಬೇಕು. ಅದೇ ಕೆಚ್ಚುವುದು. ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು, ತಲೆ ಬಗ್ಗಿಸಿ, ಸಾವಿರಾರು ಎಳೆ. ಒಂದು ತಪ್ಪಿದರೂ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಸೀರೆ ಚೆನ್ನಾಗಿ ಬಂದರೆ ನೇಯ್ದವನ ಹೆಸರು ಕೇಳುತ್ತಾರೆ. ಕೆಚ್ಚಿದವರು ಯಾರೆಂದು ಕೇಳಿದವರನ್ನು ನಾನು ಕಂಡಿಲ್ಲ.

ಅಕ್ಕ ಎರಡನೆಯ ಇಯತ್ತೆಗೇ ಶಾಲೆ ಬಿಟ್ಟು ನೂಲಿನ ಕಂಡಿಕೆ ಸುತ್ತಲು ಕುಳಿತಳು. ನನ್ನನ್ನು ಏಳನೆಯವರೆಗೆ ಓದಿಸಿದರು. ಅದೇನು ದೊಡ್ಡ ಓದಲ್ಲ, ಆದರೆ ನಮ್ಮ ಮನೆಯಲ್ಲಿ ಅಷ್ಟು ಓದಿದವನು ನಾನೊಬ್ಬನೇ. ಔಷಧಿ ಚೀಟಿಯಾಗಲಿ, ಲಗ್ನಪತ್ರಿಕೆಯಾಗಲಿ, ಬಸ್ಸಿನ ಬೋರ್ಡಾಗಲಿ, ಓದಿ ಹೇಳುವವನು ನಾನೇ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತೇನೆ. ಓದಿದ್ದು ಎಷ್ಟು ಸರಿ ಎಂದು ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

ಕೈಮಗ್ಗದ ಒಂದು ಪ್ರದರ್ಶನಕ್ಕೆಂದು ನಮ್ಮನ್ನು ಅಲ್ಲಿಗೆ ಕರೆಸಿಕೊಂಡಿದ್ದರು. ಊರ ಹೊರಗಿನ ದೊಡ್ಡ ಹಾಲಿನಲ್ಲಿ ಐದು ದಿನ ಸಣ್ಣ ಮಗ್ಗ ಹೂಡಿಕೊಂಡು ಕುಳಿತಿದ್ದೆವು. ಐದನೆಯ ದಿನ ಒಬ್ಬ ಮುದುಕಿ ಬಂದು ನನ್ನ ಮಗ್ಗದ ಕಡೆ ನೋಡದೆ ಅಕ್ಕನ ಬೆರಳುಗಳನ್ನೇ ಬಹಳ ಹೊತ್ತು ನೋಡಿದಳು. ನಮಗೆ ಹಿಂದಿಯಲ್ಲಿ ಮಾತು ತಿಳಿಸಿಕೊಡುತ್ತಿದ್ದ ದುಭಾಷಿ ಹುಡುಗಿಯನ್ನು ಕರೆದು ಏನೋ ಹೇಳಿದಳು. ಈ ಊರಿನಲ್ಲಿ ಹಳೆಯ ರೇಷ್ಮೆ ಮಗ್ಗಗಳನ್ನು ಇಟ್ಟಿರುವ ಒಂದು ಮನೆ ಇದೆಯಂತೆ. ಅಲ್ಲಿ ಒಬ್ಬ ಹೆಣ್ಣುಮಗಳು ಈಗಲೂ ಕೈಯಿಂದಲೇ ಎಳೆ ಕೂಡಿಸುತ್ತಾಳಂತೆ. ನಾಳೆ ಮಧ್ಯಾಹ್ನದಿಂದ ಐದು ಗಂಟೆಯವರೆಗೆ ಇರುತ್ತಾಳೆ, ಆಮೇಲೆ ಆ ವಾರ ಬರುವುದಿಲ್ಲ. ದುಭಾಷಿ ಹುಡುಗಿ ಒಂದು ಚೀಟಿಯಲ್ಲಿ ವಿಳಾಸ ಬರೆದು ನನ್ನ ಕೈಗೆ ಕೊಟ್ಟು, ಗುಡ್ಡದ ಮೇಲಿದೆ, ಮೆಟ್ರೋ ಹೋಗುತ್ತದೆ ಎಂದಳು. ಮರುದಿನ ಅವಳಿಗೆ ಬೇರೆ ಕೆಲಸವಿತ್ತು. ನಮಗೆ ಅದೊಂದು ದಿನ ಬಿಡುವು, ಅದರ ಮರುದಿನ ಬೆಳಗ್ಗೆ ವಿಮಾನ.

ಆ ಸಂಜೆ ಅಕ್ಕ ಬೂದಿಯ ಡಬ್ಬಿಯನ್ನು ಒರೆಸಿ ಚೀಲದಲ್ಲಿಟ್ಟುಕೊಂಡಳು. "ಆಕಿ ಬೆರಳಿಗೆ ಏನ ಹಚ್ಚಿಕೋತಾಳೋ ನೋಡಬೇಕು. ಬಾಜೂಕ ಕುಂತ ನಾನೂ ನಾಕ ಎಳಿ ಕೆಚ್ಚಿ ಬರ್ತೇನಿ," ಎಂದಳು. ಅಷ್ಟು ಆಸೆಯಿಂದ ಅವಳು ಏನನ್ನಾದರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಬೆಳಗಿನಿಂದಲೇ ದಿನ ಕೆಟ್ಟಿತು. ಬಸ್ಸಿನಲ್ಲಿ ಇಳಿಯಬೇಕಾದರೆ ಕಂಬದ ಮೇಲಿನ ಗುಂಡಿ ಒತ್ತಬೇಕೆಂದು ನನಗೆ ತಿಳಿದಿರಲಿಲ್ಲ. ನಮ್ಮ ನಿಲ್ದಾಣ ದಾಟಿ ಬಸ್ಸು ಕೊನೆಯ ಸ್ಟಾಪಿಗೆ ಹೋಗಿ ನಿಂತಿತು. ಅಲ್ಲಿಂದ ನಡೆದು ಬಂದೆವು. ಮೆಟ್ರೋದಲ್ಲಿ ಇನ್ನೊಂದು ಫಜೀತಿ. ನಾನು ಬೋರ್ಡು ನೋಡುತ್ತ ನಿಂತಿದ್ದಾಗ ಗಾಡಿ ಬಂತು, ಅಕ್ಕ ಹತ್ತಿದಳು, ನಾನು ಕಾಲಿಡುವಷ್ಟರಲ್ಲಿ ಬಾಗಿಲು ಮುಚ್ಚಿತು. ಗಾಜಿನ ಆಚೆ ಅವಳ ಇಳಕಲ್ ಸೀರೆ ಸರಿದುಹೋಯಿತು. ಮುಂದಿನ ಗಾಡಿ ಹಿಡಿದು ಮುಂದಿನ ನಿಲ್ದಾಣದಲ್ಲಿ ಇಳಿದರೆ ಅಕ್ಕ ಒಂದು ಬೆಂಚಿನ ಮೇಲೆ ಇಬ್ಬರು ಮುದುಕಿಯರ ನಡುವೆ ಆರಾಮವಾಗಿ ಕುಳಿತಿದ್ದಳು. ಒಬ್ಬಳು ಅವಳ ಸೆರಗನ್ನು ತಿರುವಿ ನೋಡುತ್ತಿದ್ದಳು.

"ಹೆದರಿದ್ಯೇನೋ?" ಎಂದು ಅಕ್ಕ ನನ್ನನ್ನೇ ಕೇಳಿದಳು.

"ನಾ ಯಾಕ ಹೆದರಲಿ? ಹಿಂದ ಯಾರ ಬಂದಾರ, ಯಾರ ಬಂದಿಲ್ಲ ಅಂತ ನೋಡೂದಿಲ್ಲ ನೀ."

"ಬೋರ್ಡ್ ಓದಕೋತ ನಿಂತಾವ ನೀನಪ್ಪಾ. ಅದನ್ನ ಓದಿ ಮುಗಿಸೂದರಾಗ ಎರಡ ಗಾಡಿ ಹ್ವಾದುವು." ನಕ್ಕಳು. ಆಮೇಲೆ ಕೈ ಚಾಚಿದಳು. "ಆ ಚೀಟಿ ಇಲ್ಲಿ ಕೊಡು. ಯಾರಿಗರೆ ತೋರಸ್ತೇನಿ."

"ಅವರ ಮಾತು ನಿನಗ ತಿಳಿತೈತೇನು?"

"ಮಾತ ಯಾಕ ಬೇಕು? ಬಟ್ಟ ಮಾಡಿ ದಾರಿ ತೋರಸ್ತಾರ."

"ನಾ ಇರೂಮಟ ನೀ ಮಂದಿ ಮುಂದ ಚೀಟಿ ಹಿಡಕೊಂಡ ನಿಂದರೂದ ಬ್ಯಾಡ. ನನಗ ಗೊತ್ತೈತಿ ನಡಿ."

ನನಗೆ ಗೊತ್ತಿರಲಿಲ್ಲ. ಚೀಟಿಯ ಮೇಲಿನ ಹೆಸರನ್ನು ಎರಡು ಸಲ ಕೂಡಿಸಿ ನೋಡಿದ್ದೆ, ಬಾಯಿಗೆ ಬರಲಿಲ್ಲ. ಆದರೆ ಗುಡ್ಡದ ಮೇಲೆ ಎಂದು ದುಭಾಷಿ ಹುಡುಗಿ ಹೇಳಿದ್ದಳಲ್ಲ. ಊರಿನ ಯಾವ ಮೂಲೆಯಿಂದ ನೋಡಿದರೂ ಒಂದು ಗುಡ್ಡ, ಅದರ ನೆತ್ತಿಯ ಮೇಲೆ ಬೆಳ್ಳಗಿನ ದೊಡ್ಡ ಚರ್ಚು ಕಾಣುತ್ತಿತ್ತು. ನಮ್ಮ ಕಡೆ ಗುಡ್ಡ ಎಂದರೆ ಅದರ ಮೇಲೆ ಗುಡಿ ಇರುವುದೇ ಗುಡ್ಡ. ದೂರದಿಂದ ಬಂದವರನ್ನು ಕಳಿಸುವುದೂ ಅಲ್ಲಿಗೇ. ನನ್ನ ತಲೆಯಲ್ಲಿ ಬೇರೆ ಗುಡ್ಡವೇ ಹೊಳೆಯಲಿಲ್ಲ.

ಬುಡದಲ್ಲಿ ನಿಂತಾಗ ಅಕ್ಕನಿಗೆ ಹೊಳೆಯಿತು. "ಆ ಕಡೀಕ ಇನ್ನೊಂದ ಗುಡ್ಡ ಐತಲ್ಲೋ. ಅದರ ತುಂಬ ಮನೀನ ಅದಾವ."

"ಬರೇ ಮನಿ ಇದ್ದಲ್ಲಿ ಏನ ನೋಡತಿ ಬೇ?"

"ಮಗ್ಗ ಮನಿಯಾಗ ಇರ್ತಾವ. ಗುಡಿಯಾಗ ಇರ್ತಾವೇನು?"

ಸುರಂಗದೊಳಗಿಂದ ಹಗ್ಗದಿಂದ ಎಳೆಯುವ ಗಾಡಿಯೊಂದು ಮೇಲೆ ಹೋಗುತ್ತದೆ, ಅದರಲ್ಲಿ ಅವಳನ್ನು ಹತ್ತಿಸಿದೆ.

ಚರ್ಚಿನ ಬಾಗಿಲಲ್ಲಿ ಅಕ್ಕ ಚಪ್ಪಲಿ ಬಿಟ್ಟಳು. ಅವಳು ಬಿಟ್ಟಳೆಂದು ನಾನೂ ಬೂಟು ಕಳಚಿಟ್ಟೆ. ಬೇರೆ ಯಾರೂ ಬಿಟ್ಟಿರಲಿಲ್ಲ, ಅದನ್ನು ನಾವು ನೋಡಲೂ ಇಲ್ಲ. ಒಳಗೆ ಗೋಡೆಯೆಲ್ಲ ಬಣ್ಣ, ಬಂಗಾರ. ಅಕ್ಕ ಕೈ ಮುಗಿದು ಕಣ್ಣು ಮುಚ್ಚಿ ನಿಂತಳು. ನನ್ನ ಕಣ್ಣು ಮಗ್ಗದ ಮನೆಯ ಬೋರ್ಡು ಹುಡುಕುತ್ತಿತ್ತು. ಹೊರಗೆ ಬಂದರೆ ಬಾಗಿಲಲ್ಲಿ ಚಪ್ಪಲಿಯೂ ಇಲ್ಲ, ಬೂಟೂ ಇಲ್ಲ. ಯಾರೋ ಮರೆತುಹೋಗಿದ್ದಾರೆಂದು ಅಲ್ಲಿಯವರು ಎತ್ತಿ ಒಳಗಿಟ್ಟಿದ್ದರು. ಅದು ತಿಳಿಯಲು ಅರ್ಧ ತಾಸು ಹಿಡಿಯಿತು. ಅಕ್ಕನನ್ನು ಕಟ್ಟೆಯ ಮೇಲೆ ಕೂಡಿಸಿ, ಕಾಲುಚೀಲದಲ್ಲಿ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ತಿರುಗಿದೆ. ಎದುರಿಗೆ ಬಂದವರೆಲ್ಲ ನನ್ನ ಕಾಲು ನೋಡುತ್ತಿದ್ದರು. ಬೆಳಗಿನಿಂದ ಕೂಡಿಬಂದ ಸಿಟ್ಟು ಯಾರ ಮೇಲೆಂದು ಗೊತ್ತಾಗದೆ ಹಲ್ಲು ಕಚ್ಚಿಕೊಂಡಿದ್ದೆ.

ಕೊನೆಗೆ ಒಂದು ಸಣ್ಣ ಕೋಣೆಯಲ್ಲಿ ಒಬ್ಬ ಮನುಷ್ಯ ಚಪ್ಪಲಿ, ಬೂಟು ತೆಗೆದುಕೊಟ್ಟ. ಇದ್ದಬದ್ದ ಧೈರ್ಯ ಮಾಡಿ ಚೀಟಿಯನ್ನೂ ಅವನಿಗೆ ತೋರಿಸಿದೆ. ಅವನು ಓದಿ ತಲೆ ಅಲ್ಲಾಡಿಸಿದ. ನನ್ನನ್ನು ಹೊರಗೆ ಕರೆತಂದು, ನದಿಯ ಆಚೆ, ಮನೆಗಳೇ ತುಂಬಿದ್ದ ಆ ಗುಡ್ಡಕ್ಕೆ ಬೆರಳು ಮಾಡಿದ. ಕೈಗಡಿಯಾರ ತೋರಿಸಿ ಐದು ಬೆರಳು ಎತ್ತಿದ. ಆಗ ಎರಡೂಕಾಲು.

ಅಲ್ಲಿಂದ ನೇರ ಹೋಗಿದ್ದರೆ ಮೂರಕ್ಕೆಲ್ಲ ಮುಟ್ಟುತ್ತಿದ್ದೆವು.

ಅಕ್ಕನ ಮುಂದೆ ಚಪ್ಪಲಿ ಇಟ್ಟೆ. "ಏನಂದಾ?" ಎಂದು ಕೇಳಿದಳು.

"ಅದು ಆ ಗುಡ್ಡದ ಮ್ಯಾಲ ಐತಿ. ನನಗ ಗೊತ್ತಿತ್ತು. ಮೊದಲ ದೇವರ ದರ್ಶನ ಆಗಲಿ ಅಂತ ಇಲ್ಲಿಗೆ ಕರಕೊಂಡ ಬಂದೆ."

ಅವಳ ಮುಖ ಮೆತ್ತಗಾಯಿತು. ಹೊಸ ಊರಿನಲ್ಲಿ ಮೊದಲು ದೇವರಿಗೆ ಹೋಗಬೇಕೆಂಬುದು ಅವಳ ಮಾತೇ. "ಛಲೋ ಮಾಡಿದಿ," ಎಂದು ಎದ್ದಳು. "ಹಂಗಾದ್ರ ನಡಿ, ಈಗ ಅಲ್ಲಿಗೆ ಹೋಗೂಣು."

"ಈಗ ಹೋಗಿ ಏನ ಮಾಡತಿ? ಇವತ್ತ ನಾಕರ ತನಕ ಬಾಗಲಾ ತಗಿಯೂದಿಲ್ಲಂತ."

ಯಾಕೆ ಹಾಗೆ ಹೇಳಿದೆ ಎಂದು ನನ್ನನ್ನೇ ಬಹಳ ಸಲ ಕೇಳಿಕೊಂಡಿದ್ದೇನೆ. ಗೊತ್ತಿತ್ತು ಎಂದ ಮೇಲೆ ಓಡಲು ಬರುವುದಿಲ್ಲ, ಓಡಿದರೆ ತಪ್ಪಿದವನೆಂದು ಕಾಣುತ್ತದೆ. ಅಲ್ಲಿಗೆ ಹೋಗುವ ದಾರಿಯೂ ನನಗೆ ತಿಳಿದಿರಲಿಲ್ಲ. ಅವಳೆದುರು ಇನ್ನೊಬ್ಬನನ್ನು ಕೇಳುವ ಬದಲು ಅವಳನ್ನು ಎಲ್ಲಿಯಾದರೂ ಕೂಡಿಸಿ, ನಕಾಶೆ ನೋಡಿ ತಿಳಿದುಕೊಂಡು, ಗತ್ತಿನಿಂದ ಕರೆದುಕೊಂಡು ಹೋಗಬೇಕೆಂದುಕೊಂಡೆ. ನಾಲ್ಕಕ್ಕೆ ಮುಟ್ಟಿದರೂ ಒಂದು ತಾಸು ಸಿಗುತ್ತದಲ್ಲ ಎಂದು ಲೆಕ್ಕ ಹಾಕಿದೆ. ನನ್ನ ಮಾನ ಉಳಿಸಿಕೊಳ್ಳಲು ಅವಳ ಎರಡು ತಾಸಿನಲ್ಲಿ ಒಂದನ್ನು ತೆಗೆದುಕೊಂಡೆ.

ಅಲ್ಲೇ ಸಮೀಪ ಸಾವಿರಾರು ವರ್ಷದ ಹಿಂದಿನ ಕಲ್ಲಿನ ಮೆಟ್ಟಿಲುಗಳ ಬಯಲು ನಾಟಕಶಾಲೆ ಇತ್ತು. ಅವಳಿಗೆ ತೋರಿಸಿದೆ. ಕಟ್ಟೆಯ ಹತ್ತಿರ ನಿಲ್ಲಿಸಿ ಮೊಬೈಲಿನಲ್ಲಿ ಅವಳ ಫೋಟೋ ತೆಗೆದೆ. ಅದರಲ್ಲಿ ಅವಳ ಬೆನ್ನ ಹಿಂದೆ ಆ ಇನ್ನೊಂದು ಗುಡ್ಡ ಪೂರ್ತಿ ಬಂದಿದೆ. ಕೆಳಗಿಳಿದು ನದಿಯ ದಂಡೆಯಲ್ಲಿ, ಮನೆಯಿಂದ ತಂದಿದ್ದ ಖಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು. ಹಳೆಯ ಓಣಿಗಳಲ್ಲಿ ತಿರುಗಿದೆವು. ಒಂದು ಮನೆಯ ಬಾಗಿಲಿಂದ ಹೊಕ್ಕು ಇನ್ನೊಂದು ಓಣಿಯಲ್ಲಿ ಹೊರಬೀಳುವ ಕತ್ತಲೆಯ ದಾರಿಗಳು ಅಲ್ಲಿವೆ. ಜನ ಅವನ್ನು ನೋಡಲೆಂದೇ ದೂರದಿಂದ ಬರುತ್ತಾರಂತೆ. ಅಕ್ಕ ಯಾವುದನ್ನೂ ನೋಡಲಿಲ್ಲ. "ಎಷ್ಟಾತು?" ಎಂದು ಮೂರು ಸಲ ಕೇಳಿದಳು. "ಟೈಮ್ ಐತಿ ಬೇ," ಎಂದು ಮೂರು ಸಲವೂ ಗದರಿಸಿದೆ.

ಮೂರೂವರೆಗೆ ಹೊರಟೆವು. ನಕಾಶೆ ನೋಡಿ ಮೆಟ್ರೋ ಗೆರೆಯ ಬಣ್ಣವನ್ನು ಸರಿಯಾಗಿಯೇ ಹಿಡಿದಿದ್ದೆ. ದಿಕ್ಕು ತಪ್ಪಿತು. ಗಾಡಿ ಊರು ದಾಟಿ ಎಲ್ಲೋ ಹೋಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಬಹಳ ದೂರ ಬಂದಿದ್ದೆವು. ಮರಳಿ ಬರುವ ಗಾಡಿ ಮಧ್ಯದಲ್ಲಿ ನಿಂತುಬಿಟ್ಟಿತು. ಏನೋ ಘೋಷಣೆ ಮಾಡಿದರು, ಜನ ಗೊಣಗುತ್ತ ಇಳಿದರು, ನಾವೂ ಇಳಿದೆವು. ಕೊನೆಗೆ ಅಕ್ಕ ನನ್ನ ಕಿಸೆಯಿಂದ ಚೀಟಿ ಎಳೆದುಕೊಂಡು ದಾರಿಯಲ್ಲಿ ಹೋಗುವ ಒಬ್ಬ ಹುಡುಗಿಯ ಮುಂದೆ ಹಿಡಿದಳು. ಆ ಹುಡುಗಿ ನಮ್ಮನ್ನು ಬಸ್ಸು ಹತ್ತಿಸಿ, ಡ್ರೈವರಿಗೆ ಹೇಳಿ ಹೋದಳು. ಅಷ್ಟು ಸುಲಭವಿತ್ತು ಅದು.

ಮಗ್ಗದ ಮನೆಯ ಮುಂದೆ ಇಳಿದಾಗ ಐದೂ ಇಪ್ಪತ್ತು. ಒಬ್ಬ ಮನುಷ್ಯ ಬಾಗಿಲಿಗೆ ಕೀಲಿ ಹಾಕುತ್ತಿದ್ದ. ಅಕ್ಕ ಚೀಲದಿಂದ ಬೂದಿಯ ಡಬ್ಬಿ ತೆಗೆದು, ಬೆರಳಿನಿಂದ ಎಳೆ ಹೊಸೆಯುವಂತೆ ಮಾಡಿ ತೋರಿಸಿದಳು. ಅವನಿಗೆ ತಿಳಿಯಿತೆಂದು ಕಾಣುತ್ತದೆ. ಬೇಸರದ ಮುಖ ಮಾಡಿ ಓಣಿಯ ಕಡೆ ಕೈ ತೋರಿಸಿದ. ಹೋದಳು ಎಂದು.

ಅಕ್ಕ ಕಿಟಕಿಯ ಗಾಜಿಗೆ ಹಣೆ ಹಚ್ಚಿ ನಿಂತಳು. ಒಳಗೆ ಅಟ್ಟದವರೆಗೆ ಎತ್ತರದ ಕಟ್ಟಿಗೆಯ ಮಗ್ಗ. ಅದರ ಮೇಲೆ ಕೂದಲಿಗಿಂತ ಸಣ್ಣ ಎಳೆಗಳು, ಅರ್ಧ ಕೂಡಿಸಿದ್ದು, ಅರ್ಧ ಬಿಟ್ಟದ್ದು. ಎದುರಿಗೆ ಖಾಲಿ ಸ್ಟೂಲು.

"ಎಡಗಡೆಯಿಂದ ಕೆಚ್ಚಕೋತ ಬಂದಾಳ," ಎಂದಳು ಅಕ್ಕ. "ನಾವು ಬಲದಿಂದ ಹಿಡಿತೀವಿ. ಎಡಚಿ ಇರಬೇಕೇನೋ ಆಕಿ." ಗಾಜಿನಿಂದ ಹಣೆ ತೆಗೆದು, "ಆಕೀನ್ನ ಕೇಳಬೇಕಿತ್ತ," ಎಂದಳು. ನನ್ನನ್ನು ಬೈಯಲಿಲ್ಲ.

ಊರಿಗೆ ಬಂದ ಮೇಲೆ ಓಣಿಯ ಹೆಂಗಸರು ಕೇಳಿದಾಗ ಅವಳು ಹೇಳಿದ್ದೇ ನನ್ನನ್ನು ಹೆಚ್ಚು ಸುಟ್ಟಿತು. "ತಮ್ಮ ಪಾಪ ಭಾಳ ಓಡಾಡಿದ. ನಮ್ಮ ನಸೀಬದಾಗ ಇರಲಿಲ್ಲ, ನಾವು ಹೋಗೂದಕ್ಕ ಬಾಗಲಾ ಹಾಕಿದ್ರು." ನಾನು ಪಕ್ಕದಲ್ಲೇ ಕುಳಿತು ಚಹಾ ಕುಡಿಯುತ್ತಿದ್ದೆ. ಹೌದು ಎಂಬಂತೆ ಗೋಣು ಹಾಕಿದೆ. ಒಂದು ವರುಷಕ್ಕೂ ಹೆಚ್ಚು ಕಾಲ ಹಾಗೆಯೇ ಗೋಣು ಹಾಕುತ್ತ ಬಂದೆ.

ಕಳೆದ ಅಮಾವಾಸ್ಯೆಗೆ ಮಗ್ಗಕ್ಕೆ ರಜೆ ಕೊಟ್ಟಿದ್ದೆವು. ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಪಡಸಾಲೆಯಲ್ಲಿ ಕುಳಿತು ಕನ್ನಡಕ ಒರೆಸುತ್ತಿದ್ದಳು. ಈಗೀಗ ಅವಳ ಕಣ್ಣಿಗೆ ಎಳೆ ಮಂಜಾಗುತ್ತಿದೆ, ಇನ್ನು ಬಹಳ ದಿನ ಕೆಚ್ಚಲಾರೆ ಎಂದಳು. ಅಂದು ಎಲ್ಲವನ್ನೂ ಹೇಳಿಬಿಟ್ಟೆ. ಕ್ಷಮಿಸುತ್ತಾಳೆಂದೇ ಹೇಳಿದೆ. ಅದನ್ನೂ ಮುಚ್ಚಿಡುವುದಿಲ್ಲ.

"ಆ ಮನಶಾ ಬಟ್ಟ ಮಾಡಿ ತೋರಿಸಿದಾಗ ಎಷ್ಟಾಗಿತ್ತು?" ಎಂದು ಕೇಳಿದಳು.

"ಎರಡೂಕಾಲು."

"ಎರಡ ತಾಸ ಆಕಿ ಬಾಜೂಕ ಕುಂಡ್ರತಿದ್ದೆ ಹಂಗಾದ್ರ."

"ಹೂಂ."

"ದಾರಿ ಎಲ್ಲಾರೂ ತಪ್ಪತಾರೋ. ಅದಕ್ಕ ಏನೂ ಅನ್ನೂದಿಲ್ಲ ನಾ. ದೇವರ ದರ್ಶನಕ್ಕ ಕರಕೊಂಡ ಬಂದೆ ಅಂದೆಲ್ಲಾ. ನಾ ಛಲೋ ಮಾಡಿದಿ ಅಂದ್ನಿ." ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದಳು. "ನಾ ನಂಬಿದ್ದ ನೋಡಿ ನಿನಗ ನಗಿ ಬಂದಿರಬೇಕು."

"ಇಲ್ಲಕ್ಕಾ."

"ನನಗ ಈಗ ಬರಾಕತ್ತೈತಿ," ಎಂದಳು. ನಗಲಿಲ್ಲ.

ಆಮೇಲೆ, "ಆ ದುಭಾಷಿ ಹುಡುಗಿ ನಂಬರ ಐತೇನ ನಿನ್ನ ಕಡೆ?" ಎಂದಳು.

ಇದೆ ಎಂದೆ. ಏನು ಕೇಳಬೇಕು ಹೇಳು, ನಾನೇ ಕೇಳಿ ಹೇಳುತ್ತೇನೆ ಎಂದೆ.

"ನೀ ಫೋನ್ ಹಚ್ಚಿ ಕೊಡು ಸಾಕು."

ಹಚ್ಚಿ ಕೊಟ್ಟೆ. ಆ ಕಡೆಯಿಂದ ಧ್ವನಿ ಬಂದ ಕೂಡಲೇ ಅಕ್ಕ ಫೋನ್ ಕಿವಿಗೆ ಹಿಡಿದು ಎದ್ದು ಹಿತ್ತಲಿಗೆ ಹೋದಳು. ಬಾಗಿಲನ್ನು ಹಿಂದಿನಿಂದ ಎಳೆದುಕೊಂಡಳು. ಅವಳ ಹರಕು ಹಿಂದಿ ಸ್ವಲ್ಪ ಸ್ವಲ್ಪ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಏನು ಕೇಳಿದಳು, ಆ ಹುಡುಗಿ ಏನು ಹೇಳಿದಳು ಎಂದು ಇವತ್ತಿಗೂ ನನಗೆ ಹೇಳಿಲ್ಲ. ನಾನೂ ಕೇಳಿಲ್ಲ.