ಟಿವಿಯಲ್ಲಿ ಬಡಿಸಿದ ಎಲೆ

ಕುಂಬ್ರ ಜಂಕ್ಷನ್ನಿನಲ್ಲಿ ದಮಯಂತಿಯ ಹೊಲಿಗೆ ಅಂಗಡಿಗೆ ಬೋರ್ಡಿಲ್ಲ. ಬೇಕಾಗಿಯೂ ಇಲ್ಲ. ರವಿಕೆ ಹೊಲಿಸಲು ಬೆಟ್ಟಂಪಾಡಿಯಿಂದ ಬರುವವರಿಗೂ ಆ ಮೆಟ್ಟಿಲು ಗೊತ್ತು. ಅಳತೆ ಬರೆದಿಡುವ ಪುಸ್ತಕವನ್ನು ಅವಳು ಇಟ್ಟವಳೇ ಅಲ್ಲ. ಒಮ್ಮೆ ಟೇಪು ಹಿಡಿದರೆ ಮುಗಿಯಿತು. ಐದು ವರ್ಷ ಬಿಟ್ಟು ಬಂದವರಿಗೂ "ನಿಮ್ಮ ತೋಳು ಒಂಬತ್ತೂವರೆ ಇದ್ದದ್ದು, ಈಗ ಹತ್ತೂವರೆ ಬೇಕಾದೀತು" ಎಂದು ಮೆಷಿನ್ನಿನಿಂದ ತಲೆ ಎತ್ತದೆ ಹೇಳುತ್ತಾಳೆ. ಬಂದವರ ಮುಖ ಕೆಂಪಾಗುತ್ತದೆ, ಆದರೆ ರವಿಕೆ ಮಾತ್ರ ಸರಿಯಾಗಿ ಕೂರುತ್ತದೆ.

ಇಂಥ ಹೆಂಗಸು ಮೊಬೈಲಿನಲ್ಲಿ ಆಟ ಆಡುತ್ತಾಳೆಂದರೆ ಊರು ಬಾಯಿ ಮುಚ್ಚಿಕೊಂಡು ಕೂತೀತೇ? ಐವತ್ತರ ಹತ್ತಿರ ಬಂತು, ಮಕ್ಕಳ ಹಾಗೆ ಫೋನು ಕುಟ್ಟುತ್ತಾ ಕೂರುತ್ತದೆ ಎಂದು ಒಬ್ಬರು, ಪಾಪ, ಮಗ ಹೋದ ಮೇಲೆ ತಲೆ ಸರಿಯಿಲ್ಲ ಎಂದು ಇನ್ನೊಬ್ಬರು. ಎರಡನೆಯದನ್ನು ಹೇಳುವವರು ಅವಳಿಗೆ ಕೇಳುವ ಹಾಗೆಯೇ ಹೇಳುತ್ತಿದ್ದರು. ಪಾಪ ಅನ್ನುವ ಮಾತನ್ನು ಮೆಲ್ಲಗೆ ಹೇಳಿ ಯಾರಿಗೆ ಅಭ್ಯಾಸ!

ಮಗ ದಿಶಾಂತ್. ಪಂಜದ ಗೆಳೆಯನ ಮನೆಗೆಂದು ಬೈಕಿನಲ್ಲಿ ಹೊರಟವನು ತಲುಪಲಿಲ್ಲ. ಇಪ್ಪತ್ತೊಂದು ವರ್ಷ. ಫೋನು ಮಾತ್ರ ಮನೆಗೆ ಬಂತು, ಗಾಜಿನಲ್ಲಿ ಒಂದು ಬಿರುಕು ಅಷ್ಟೆ. ಹದಿನಾರನೇ ದಿನದ ಕ್ರಿಯೆಯೆಲ್ಲ ಮುಗಿದು ನೆಂಟರು ಹೋದ ಮೇಲೆ ದಮಯಂತಿ ಅದನ್ನು ತೆರೆದಾಗ ಎದುರಿಗೆ ಬಂದದ್ದು ಆ ಆಟ. ಯಾರನ್ನೂ ಕೊಲ್ಲುವುದಲ್ಲ, ಓಡುವುದಲ್ಲ; ಒಂದು ಊರು, ಅದರಲ್ಲಿ ನಿಮ್ಮದೊಂದು ಮನೆ, ಬೇರೆಯವರು ಬಂದು ನೋಡಿ ಹೋಗುವುದು. ಹೊರಗಿನ ವಸ್ತು ಯಾವುದನ್ನೂ ಅಲ್ಲಿಗೆ ಒಯ್ಯಲಿಕ್ಕಾಗದು. ಚಾವಡಿಯ ಟಿವಿಯೊಂದರಲ್ಲಿ ಮಾತ್ರ ನಮ್ಮದೇ ಚಿತ್ರ ಹಾಕಬಹುದು. ದಿಶಾಂತ್ ಮೂರು ವರ್ಷ ಕೂತು ಕಟ್ಟಿದ ಮನೆಗೆ ಹೆಂಚಿನ ಮಾಡು, ಬಾವಿ, ಅಂಗಳದಲ್ಲಿ ಮಲ್ಲಿಗೆ. ಮೂಲೆಯಲ್ಲೊಂದು ಹೊಲಿಗೆ ಮೆಷಿನ್ನು ಕೂಡ ಇಟ್ಟಿದ್ದ, ಕಳ್ಳ. ತಾಯಿಗೆ ಒಂದು ಮಾತು ಹೇಳಿರಲಿಲ್ಲ.

ಅವಳು ಆ ಮನೆಯ ಬಾಗಿಲನ್ನು ಬೆರಳಿನಿಂದ ತಟ್ಟಿದಳು. ಒಳಗಿನಿಂದ ಅವನ ಸ್ವರ ಬಂತು: "ಯಾರು? ಬನ್ನಿ ಬನ್ನಿ, ಚಪ್ಪಲಿ ಹೊರಗೆ ಇಡಿ ಮಾರಾಯ್ರೆ!"

ಮನೆಯಲ್ಲಿ ತುಳು ಮಾತಾಡುವ ಹುಡುಗ, ಪರವೂರಿನ ಗೆಳೆಯರು ಬರುತ್ತಾರೆಂದು ಕನ್ನಡದಲ್ಲಿ ಹೇಳಿ ರೆಕಾರ್ಡ್ ಮಾಡಿಟ್ಟಿದ್ದ. ಅವನ ಫೋಟೋ ಬೇಕಾದಷ್ಟಿತ್ತು, ಸ್ವರ ಇದೊಂದೇ. ವಿಡಿಯೋ ಎಂದರೆ ಮುಖ ತಿರುಗಿಸುತ್ತಿದ್ದ. ಕಳಿಸಿದ ಮಾತಿನ ಮೆಸೇಜುಗಳು ದಮಯಂತಿಯ ಹಳೆಯ ಫೋನಿನ ಜತೆ ನೀರಿಗೆ ಬಿದ್ದು ಹೋಗಿದ್ದವು. ಅಂದಿನಿಂದ ದಿನಕ್ಕೆ ನಾಲ್ಕು ಸಲ, ಗುಂಡಿ ಹಚ್ಚುವ ನಡುವೆ, ಅವಳು ಆ ಬಾಗಿಲು ತಟ್ಟುವಳು. ಊರು ನೋಡಿದ ಆಟ ಇದು.

ಪಕ್ಕದ ಅಂಗಡಿ ಆಯಿಶತ್ ಶಿಫಾಳದು. ಜೆರಾಕ್ಸ್, ಆನ್‌ಲೈನ್ ಅರ್ಜಿ, ಆಧಾರ್ ತಿದ್ದುಪಡಿ. ಸರಕಾರ ಎಂಥ ಫಾರ್ಮು ಕೊಟ್ಟರೂ ಓದಿ ತುಂಬಿಸುವವಳು. ಅವಳು ಎಷ್ಟೋ ಸಲ ಹೇಳಿದ್ದಳು, "ದಮಯಂತಿಯಕ್ಕ, ಆ ಸ್ವರ ನನ್ನ ಫೋನಿಗೆ ಹಿಡಿದು ಇಡುವ. ಎರಡು ನಿಮಿಷದ ಕೆಲಸ."

"ಅಲ್ಲಿ ಉಂಟಲ್ಲ ಶಿಫಾ. ಹಿಡಿದು ಇಡುದು ಎಂತಕ್ಕೆ?"

ಹಿಡಿದಿಟ್ಟರೆ ಅದು ಗೋಡೆಯ ಮೇಲಿನ ಹಾರ ಹಾಕಿದ ಫೋಟೋದ ಹಾಗೆ ಆಗಿಬಿಡುತ್ತದೆ ಎಂದು ಅವಳ ಹೆದರಿಕೆ. ತಟ್ಟಿದರೆ ಉತ್ತರ ಕೊಡುವವನನ್ನು ಡಬ್ಬಿಯಲ್ಲಿ ತುಂಬಿಸುವುದು ಹೇಗೆ? ಶಿಫಾ ಮತ್ತೆ ಒತ್ತಾಯ ಮಾಡಲಿಲ್ಲ.

ಸತ್ತವರಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಬಡಿಸುವ ಕ್ರಮ ಅವರ ಮನೆಯಲ್ಲೂ ಉಂಟು. ಬಾಳೆ ಎಲೆ ಹಾಕಿ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಹಾಕಿಕೊಂಡು ಹೊರಗೆ ಕೂರುವುದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ, ಉಣ್ಣುವವರಿಗೆ ಏಳಲು ಸಮಯ ಕೊಟ್ಟು, ಮತ್ತೆ ತೆರೆಯುವುದು. ಮೊದಲ ವರ್ಷ ದಿಶಾಂತ್‌ಗೆ ನೀರುದೋಸೆ, ಕೋಳಿ ಸುಕ್ಕ, ಒಂದು ಲೋಟ ಶೇಂದಿ ಬಡಿಸಿದ್ದರು. ಬಾಗಿಲು ತೆರೆದಾಗ ದಮಯಂತಿ ಎಲೆಯನ್ನೇ ನೋಡಿದಳು. ಕಾಲು ಇಂಚು ಹೆಚ್ಚುಕಡಿಮೆಯನ್ನು ಹಿಡಿಯುವ ಕಣ್ಣದು. ಒಂದು ಚೂರೂ ಅಲುಗಿರಲಿಲ್ಲ. ಅವನು ಇಲ್ಲಿಗೆ ಬರಲಿಲ್ಲ, ಆ ಮನೆಯಲ್ಲೇ ಇದ್ದಾನೆ ಎಂದು ಅವಳು ಅಂದೇ ತೀರ್ಮಾನ ಮಾಡಿದಳು.

ಹಾಗಾಗಿ ಎರಡನೇ ವರ್ಷ ಅಲ್ಲಿಗೂ ಬಡಿಸುವ ಯೋಚನೆ. ಎಲೆಯ ಫೋಟೋ ತೆಗೆದು ಆ ಚಾವಡಿಯ ಟಿವಿಗೆ ಹಾಕಿದರಾಯಿತು. ಆದರೆ ಟಿವಿ ಒತ್ತಿದರೆ ಹೊಸ ನಿಯಮ ಬಂದು ಕೂತಿದೆ. ಬಡಿಸುವ ದಿನ ಮಧ್ಯಾಹ್ನ ಫೋನನ್ನು ಶಿಫಾಳ ಕೈಗೆ ಕೊಟ್ಟಳು. ಶಿಫಾ ಗಟ್ಟಿಯಾಗಿ ಓದಿದಳು: "ಟಿವಿ ವಿಷಯದಲ್ಲಿ ಮದ್ಯ ನಿರ್ಬಂಧಿತ ವರ್ಗವಾಗಿದ್ದು, ಖಾಸಗಿ ಮನೆಯ ಸಾಂಸ್ಕೃತಿಕ ಆಹಾರವು ಪ್ರದೇಶಾನುಸಾರ ಹಾಗೂ ವೀಕ್ಷಕರ ಸಂಬಂಧಕ್ಕೆ ಒಳಪಟ್ಟು ಹೊರತುಪಡಿಸಬಹುದಾದ ಅನುಮತಿಯಾಗಿದೆ."

ಮತ್ತೊಮ್ಮೆ ಓದಿದಳು. ಮೂರನೇ ಸಲ ಮನಸ್ಸಿನಲ್ಲೇ ಓದಿದಳು.

"ಎಂತ ಅಂತೆ?"

"ನನ್ನಾಣೆ ಗೊತ್ತಾಗುದಿಲ್ಲ ಅಕ್ಕ. ಹಾಕಬಹುದು ಅಂತಲೂ ಉಂಟು, ಹಾಕಬಾರದು ಅಂತಲೂ ಉಂಟು. ನೀವು ಲೋಟ ಬಿಟ್ಟು ಫೋಟೋ ತೆಗೀರಿ."

"ಅವನಿಗೆ ಬಡಿಸಿ ಅವನ ಲೋಟ ತೆಗೆದಿಡುದಾ? ಅದಾಗುದಿಲ್ಲ."

ಮುಸ್ಸಂಜೆಗೆ ಗಂಡ ತ್ಯಾಂಪಣ್ಣ ಶೇಂದಿ ತಂದ. ಕೆಂಪುಕಲ್ಲು ಸಾಗಿಸುವ ಪಿಕಪ್ಪಿನ ಚಾಲಕ; ಮಗ ಹೋದ ಮೇಲೆ ಅರ್ಧ ಮಾತಿನ ಮನುಷ್ಯ. ದಮಯಂತಿ ಬಡಿಸಿ, ಫೋಟೋ ತೆಗೆದು, "ದಿಶಾಂತ್, ಇದು ನಿನಗೆ ಮಗಾ, ಹೊಟ್ಟೆ ತುಂಬ ತಿನ್ನು" ಎಂದು ಬಾಯಿಬಿಟ್ಟು ಹೇಳಿ ಬಾಗಿಲು ಹಾಕಿದಳು. ಇಬ್ಬರೂ ಜಗಲಿಯಲ್ಲಿ ಕೂತರು. ಅವಳು ಫೋಟೋವನ್ನು ಟಿವಿಗೆ ಹಾಕಹೊರಟರೆ ಒಂದು ಖಾಲಿ ಚೌಕ ಬಂತು. ಇದನ್ನು ಯಾರು ವೀಕ್ಷಿಸುತ್ತಾರೆ, ಖಾತೆದಾರರೊಂದಿಗೆ ಅವರ ಸಂಬಂಧವೇನು, ವಿವರಿಸಿ.

"ಎಂತಾದರೂ ಒಂದು ಬರಿ," ಎಂದ ತ್ಯಾಂಪಣ್ಣ. "ಅಣ್ಣ ಅಂತ ಬರಿ, ಮಾವ ಅಂತ ಬರಿ."

"ಇವತ್ತು ಸುಳ್ಳು ಬರೆಯುದಾ? ಈಗಷ್ಟೆ ಅವನ ಹೆಸರು ಹಿಡಿದು ಕರೆದು ಬಂದದ್ದಲ್ವಾ ನಾನು! ಬೇರೆಯವರ ಹೆಸರಿನಲ್ಲಿ ಬಡಿಸಿದರೆ ಅವನಿಗೆ ಸಿಕ್ಕುದುಂಟಾ?"

ಅವಳು ಒಂದೊಂದೇ ಅಕ್ಷರ ಹುಡುಕಿ ಬರೆದಳು: 'ನೋಡುವವನು ನನ್ನ ಮಗ ದಿಶಾಂತ್. ಮನೆ ಅವನದೇ. ಅವನು ತೀರಿಕೊಂಡು ಎರಡು ವರ್ಷ ಆಯಿತು. ಇವತ್ತು ಅವನಿಗೆ ಬಡಿಸುವ ದಿನ. ಶೇಂದಿ ಒಂದು ಲೋಟ ಮಾತ್ರ. ದಯವಿಟ್ಟು ಬಿಡಿ.' ಕಳಿಸಿ, ಎದ್ದು, ಬಾಗಿಲು ತಟ್ಟಿ ತೆರೆದಳು. ಈ ಸಲವೂ ಎಲೆ ಅಲುಗಿರಲಿಲ್ಲ. ಅವಳಿಗೆ ಬೇಸರವಾಗಲಿಲ್ಲ. ಅಲ್ಲಿ ತಿನ್ನುತ್ತಿದ್ದಾನಲ್ಲ.

ಮೂರನೇ ದಿನ ಅಂಗಡಿಯಲ್ಲಿ ಆಟ ತೆರೆದರೆ ಮನೆಯಿಲ್ಲ. ಬಾವಿಯಿಲ್ಲ, ಮಲ್ಲಿಗೆಯಿಲ್ಲ. ಬಿಳಿ ಪರದೆಯಲ್ಲಿ ಒಂದು ಕಾಗದ. ದಮಯಂತಿ ಫೋನು ಹಿಡಿದು ಪಕ್ಕದಂಗಡಿಗೆ ಓಡಿದಳು, ಕೊರಳಲ್ಲಿ ಟೇಪು ನೇತಾಡುತ್ತಲೇ ಇತ್ತು. ಶಿಫಾ ಓದಿದಳು. ಏನು ಹೇಳುವುದು, ಈ ಸಲ ಮಾತ್ರ ಹಾಳಾದವರ ಕನ್ನಡ ಮಗುವಿಗೂ ತಿಳಿಯುವಂತಿತ್ತು.

"ನಿಮ್ಮ ಟಿವಿ ಚಿತ್ರವನ್ನು ಅನುಮೋದಿಸಲಾಗಿದೆ. ಖಾತೆದಾರರು ನಿಧನರಾದ ವಿಷಯ ತಿಳಿಸಿದ್ದಕ್ಕೆ ಧನ್ಯವಾದಗಳು. ನಿಯಮದಂತೆ ಅವರ ಖಾತೆಯನ್ನು ಮುಚ್ಚಿ, ಮನೆ, ಚಿತ್ರ ಮತ್ತು ಧ್ವನಿಗಳನ್ನು ಶಾಶ್ವತವಾಗಿ ಅಳಿಸಲಾಗಿದೆ. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು."

"ಲೋಟಕ್ಕೆ ಏನೂ ಹೇಳಲಿಲ್ವಾ?" ಎಂದಳು ದಮಯಂತಿ.

"ಇಲ್ಲ ಅಕ್ಕ. ಲೋಟ ಆಗ್ತದಂತೆ."

ಆಮೇಲೆ ದಮಯಂತಿ ಅಲ್ಲೇ ಜೆರಾಕ್ಸ್ ಮೆಷಿನ್ನಿಗೆ ಒರಗಿ ಕೂತುಬಿಟ್ಟಳು. "ನಾನೇ ಹೇಳಿದ್ದು ಶಿಫಾ. ಅವರಿಗೆ ಗೊತ್ತೇ ಇರಲಿಲ್ಲ. ಅಲ್ಲಿ ಬದುಕಿದ್ದ ಅವನು. ನಾನೇ ನನ್ನ ಕೈಯಾರೆ ಬರೆದು ಕೊಂದು ಹಾಕಿದೆ." ಶಿಫಾ ಅವಳ ಕೈ ಹಿಡಿದುಕೊಂಡಳು. ಅರ್ಜಿ ಹಿಡಿದು ಹೊರಗೆ ನಿಂತಿದ್ದವರು ಮೆಲ್ಲನೆ ಚದುರಿದರು.

ಶಿಫಾ ಬಿಟ್ಟವಳಲ್ಲ. ಎರಡು ತಿಂಗಳು ಆಟದ ಕಂಪನಿಗೆ ಬರೆದಳು, ಮರಣ ಪ್ರಮಾಣಪತ್ರ ಕಳಿಸಿದಳು, ತಾಯಿಯ ಆಧಾರ್ ಕಳಿಸಿದಳು. ಪ್ರತಿ ಸಲವೂ ಒಂದೇ ಸಾಲು: ಮರುಪರಿಶೀಲನೆಗೆ ಖಾತೆದಾರರೇ ಖುದ್ದಾಗಿ ಅರ್ಜಿ ಸಲ್ಲಿಸಬೇಕು. ಕೊನೆಗೆ ಆ ಸಾಲೂ ಬರುವುದು ನಿಂತಿತು. ದಮಯಂತಿ ಹೊಲಿಯುವುದನ್ನು ಬಿಡಲಿಲ್ಲ. ಬಿಟ್ಟರೆ ಮನೆಯಲ್ಲಿ ಕೂತು ಮಾಡುವುದಾದರೂ ಏನು? ಬಿರುಕು ಬಿಟ್ಟ ಫೋನನ್ನು ಚಾರ್ಜಿಗಿಡುವುದು ಮಾತ್ರ ಬಿಟ್ಟಳು. ಊರಿನವರು, ಈಗ ಆಟದ ಹುಚ್ಚು ಇಳಿಯಿತು, ದೇವರು ದೊಡ್ಡವನು ಅಂದರು.

ಮತ್ತೆ ಆಟಿ ಬಂತು.

"ಶೇಂದಿ ತರುದಾ?" ಎಂದು ತ್ಯಾಂಪಣ್ಣ ಕೇಳಿದ.

"ತನ್ನಿ."

ಒಂದೇ ಎಲೆ. ಹೆಸರು ಹಿಡಿದು ಕರೆದು ಬಾಗಿಲು ಹಾಕಿ ಇಬ್ಬರೂ ಜಗಲಿಯಲ್ಲಿ ಕೂತರು. ಹೊತ್ತಾಯಿತು. ದಮಯಂತಿ ಎದ್ದು ಬಾಗಿಲು ತಟ್ಟಿದಳು. ತಟ್ಟಿದವಳು ಅಲ್ಲೇ ನಿಂತಳು. ಮರದ ಬಾಗಿಲು, ಅದಕ್ಕೆಲ್ಲಿಯ ಉತ್ತರ. ಆ ಇನ್ನೊಂದು ಬಾಗಿಲಿನ ಮಾತನ್ನು ಮನಸ್ಸಿನಲ್ಲಿ ತಂದುಕೊಳ್ಳಲು ನೋಡಿದಳು. ಯಾರು, ಬನ್ನಿ ಬನ್ನಿ, ಚಪ್ಪಲಿ ಹೊರಗೆ ಇಡಿ. ಶಬ್ದಗಳೆಲ್ಲ ಇದ್ದವು. ಆದರೆ ಅದನ್ನು ಹೇಳುತ್ತಿದ್ದದ್ದು ಅವಳದೇ ಸ್ವರ. ಇನ್ನೊಮ್ಮೆ ತಟ್ಟಿ ಇನ್ನೊಮ್ಮೆ ನೋಡಿದಳು, ಈಗಲೂ ಅವಳದೇ.

"ತೆಗಿ ಮಾರಾಯ್ತಿ, ಎಲ್ಲ ಆರಿಹೋಯ್ತು," ಎಂದ ತ್ಯಾಂಪಣ್ಣ.

"'ಯಾರು' ಅಂತ ಹೇಳುವಾಗ ಅವನು ಸ್ವರ ಏರಿಸ್ತಿದ್ದನಾ, ಇಳಿಸ್ತಿದ್ದನಾ?"

ತ್ಯಾಂಪಣ್ಣ ಎದ್ದು ಬಂದು ಅವಳ ಪಕ್ಕ ನಿಂತ. "ನಾನು ಆ ಬಾಗಿಲಿನ ಸ್ವರ ಕೇಳಿದ್ದೇ ಇಲ್ಲ," ಎಂದ.